ದೊರೆಸಾನಿಯ ಮಂಜು, ಶಾಮಣ್ಣನ ಗಿಳಿ

ನನಗೆ ಬಡ್ತಿ ಯಾವಾಗ ಸಿಕ್ಕಿತು, ಯಾವ ದೊರೆ ಬೆನ್ನು ತಟ್ಟಿದರು, ನಿವೃತ್ತಿಯ ದಿನ ಯಾರು ಹಾರ ಹಾಕಿದರು ಎಂಬುದನ್ನೆಲ್ಲ ಇಲ್ಲಿ ಬರೆಯುವುದಿಲ್ಲ. ಅವು ಎಲ್ಲರ ನೌಕರಿಯಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತವೆ. ಭಾಷಾಂತರದ ಕೆಲಸಕ್ಕೆ ಹೊಸದಾಗಿ ಸೇರಿದವರು ನಮ್ಮ ಮನೆಗೆ ಬಂದಾಗ ಕೇಳುವುದು ಒಂದೇ ಮಾತು: "ಆಗ ಕೆಲಸ ಹೇಗಿತ್ತು ಸಾರ್?" ಹೇಗಿತ್ತೆಂದರೆ, ಅದು ನಿಂತುಕೊಂಡು ಮಾಡುವ ಕೆಲಸವಾಗಿತ್ತು. ನೀವೀಗ ಮೇಜಿನ ಮುಂದೆ ಕೂತು, ನಿಘಂಟು ತೆರೆದಿಟ್ಟುಕೊಂಡು, ಒಂದು ವಾಕ್ಯ ಸರಿಬರದಿದ್ದರೆ ಹೊಡೆದುಹಾಕಿ ಇನ್ನೊಂದು ಬರೆಯುತ್ತೀರಿ. ನಮಗೆ ಹೊಡೆದುಹಾಕುವ ಭಾಗ್ಯವೇ ಇರಲಿಲ್ಲ. ಬಾಯಿಂದ ಬಂದದ್ದು ಬಂದೇ ಹೋಯಿತು. ಒಬ್ಬ ಮಾತಾಡಿ ಉಸಿರೆಳೆದುಕೊಳ್ಳುವಷ್ಟರಲ್ಲಿ ಆ ಮಾತು ಇನ್ನೊಂದು ಭಾಷೆಯಾಗಿ ಇನ್ನೊಬ್ಬನ ಕಿವಿ ಮುಟ್ಟಿರಬೇಕು.

ಮಡಿಕೇರಿಯ ಕಚೇರಿಗೆ ನಾನು ದುಭಾಷಿಯಾಗಿ ಸೇರಿದಾಗ ಇಂಗ್ಲಿಷರ ಆಳ್ವಿಕೆ ಇನ್ನೂ ಗಟ್ಟಿಯಾಗಿಯೇ ಇತ್ತು. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ ಮತ್ತು ಇಂಗ್ಲಿಷ್, ಬೇಲಿಯ ಆಚೆ ಕೊಡವ ತಕ್ಕ್, ಸಂತೆಯಲ್ಲಿ ಮಲಯಾಳ, ಎಸ್ಟೇಟಿನ ಕೂಲಿ ಲೈನುಗಳಲ್ಲಿ ತಮಿಳು. ಕಿವಿಗೆ ಬಿದ್ದ ಇಷ್ಟೇ ನನ್ನ ವಿದ್ಯೆ. ಅದನ್ನು ತಿದ್ದಿ ತೀಡಿ ಕೆಲಸಕ್ಕೆ ಹತ್ತಿಸಿದವರು ನಮ್ಮ ಮುಖ್ಯ ಭಾಷಾಂತರಕಾರರಾಗಿದ್ದ ವೆಂಕಟರಮಣಯ್ಯನವರು. ತೆಳ್ಳನೆಯ ಮನುಷ್ಯ, ಕಪ್ಪು ಕೋಟು, ಜರಿಯಂಚಿನ ರುಮಾಲು. ನಗುವುದನ್ನು ಯಾರೂ ನೋಡಿರಲಿಲ್ಲ. ಮೊದಲ ದಿನವೇ ನನ್ನನ್ನು ನಿಲ್ಲಿಸಿಕೊಂಡು ಹೇಳಿದರು:

"ನೋಡು ಚಿನ್ನಪ್ಪ, ದುಭಾಷಿಗೆ ಸ್ವಂತ ಬಾಯಿ ಇಲ್ಲ. ಸಾಕ್ಷಿ ‘ನಾನು’ ಅಂದರೆ ನೀನೂ ‘ನಾನು’ ಅನ್ನು. ಅವನು ಬೈದರೆ ನೀನೂ ಬೈ. ‘ಅವನು ಹೀಗೆ ಹೇಳುತ್ತಾನೆ ಸ್ವಾಮಿ’ ಅಂತ ಬಾಲ ಸೇರಿಸಿದೆಯೋ, ನಾಳೆಯಿಂದ ಬರಬೇಡ."

ಬಾಲ ಸೇರಿಸಲಿಲ್ಲ. ಆ ವಾರವೇ ಬಾಳೆಲೆ ಕಡೆಯ ಒಬ್ಬನ ಮೇಲೆ ಪಕ್ಕದ ಮನೆಯ ಹುಂಜ ಕದ್ದ ಮೊಕದ್ದಮೆ ಬಂತು. ಮ್ಯಾಜಿಸ್ಟ್ರೇಟರು ಹಡಗಿನಿಂದ ಆಗತಾನೆ ಇಳಿದುಬಂದ ಎಳೆಯ ಇಂಗ್ಲಿಷಿನವರು. ಆರೋಪಿ ಎದೆಯುಬ್ಬಿಸಿ ನಿಂತು, "ಹೌದು ಸ್ವಾಮಿ, ಆ ಹುಂಜ ನಾನೇ ಹಿಡಿದದ್ದು. ನಾನೇ ತಿಂದದ್ದು. ಅದು ದಿನಾ ನನ್ನ ಜಗಲಿ ಮೇಲೆ ನಿಂತೇ ಕೂಗ್ತಿತ್ತು. ಭಾರಿ ರುಚಿ ಇತ್ತು" ಎಂದ. ನಾನೂ ಎದೆಯುಬ್ಬಿಸಿ, ಅಷ್ಟೇ ಗಟ್ಟಿ ದನಿಯಲ್ಲಿ, ಇಂಗ್ಲಿಷಿನಲ್ಲಿ, ಆ ಹುಂಜವನ್ನು ಹಿಡಿದವನು ನಾನೇ, ತಿಂದವನೂ ನಾನೇ, ಬಹಳ ರುಚಿಯಾಗಿತ್ತು ಎಂದೆ. ಮ್ಯಾಜಿಸ್ಟ್ರೇಟರು ಲೇಖನಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಹಾಗಾದರೆ ಕಟಕಟೆಯಲ್ಲಿ ಈ ಬಡಪಾಯಿ ಯಾಕೆ ನಿಂತಿದ್ದಾನೆ?" ಎಂದರು. ವೆಂಕಟರಮಣಯ್ಯನವರು ಎದ್ದು ನಿಂತು ವಿವರಿಸುವವರೆಗೆ ಜವಾನ ನನ್ನ ತೋಳು ಹಿಡಿದುಕೊಂಡೇ ಇದ್ದ.

ಸುದ್ದಿ ನನಗಿಂತ ಮೊದಲೇ ಮನೆ ಸೇರಿತ್ತು. ಹೆಂಡತಿ ಸೀತಮ್ಮ ಬಾಗಿಲಲ್ಲೇ, "ನೀವು ಹುಂಜ ಕದ್ದದ್ ಊರಿಗೆಲ್ಲ ಗೊತ್ತಾತ್ ಕಣಿ. ನಂಗೆ ಒಂದು ತುಂಡೂ ಇಲ್ಲೆನಾ?" ಎಂದಳು.

ಹೀಗೆ ಶುರುವಾದ ನೌಕರಿಯಲ್ಲಿ ಜಮೀನು ತಕರಾರು, ಕಾಡುಹಂದಿ ತಕರಾರು, ಮದುವೆ ತಕರಾರು ಎಲ್ಲಕ್ಕೂ ನಿಂತಿದ್ದೇನೆ. ಆದರೆ ನನ್ನ ಕೆಲಸ ಏನೆಂಬುದು ನನಗೇ ತಿಳಿದದ್ದು ಕಚೇರಿಯಲ್ಲಲ್ಲ, ಒಂದು ಮಧ್ಯಾಹ್ನ, ಇಬ್ಬರು ಚಿತ್ರಗಾರರ ನಡುವೆ ನಿಂತಾಗ. ಆ ಕಥೆಯನ್ನೇ ಹೇಳಬೇಕೆಂದು ಕೂತಿದ್ದೇನೆ.

ಊರಿನವರೆಲ್ಲ ಸೇರಿ ಮಡಿಕೇರಿಯಲ್ಲಿ ಒಂದು ಹೊಸ ಸಭಾಭವನ ಕಟ್ಟಿಸಿದ್ದರು. ಹೊರಗಿನಿಂದ ಬರುವ ನಾಟಕ ಕಂಪೆನಿಗಳಿಗೆ ಒಳ್ಳೆಯ ರಂಗ ಬೇಕೆಂಬುದು ಎಲ್ಲರ ಆಸೆ. ಗೋಡೆ ಎದ್ದಿತು, ಹೆಂಚು ಏರಿತು, ಬೆಂಚು ಬಂತು. ಉಳಿದದ್ದು ಅಂಕದ ಪರದೆ, ಅಂದರೆ ನಾಟಕ ಶುರುವಾಗುವ ಮುನ್ನ ಮತ್ತು ಅಂಕ ಮುಗಿದಾಗ ರಂಗದ ಮುಂದೆ ಇಳಿಯುವ, ಚಿತ್ರ ಬರೆದ ದೊಡ್ಡ ಬಟ್ಟೆ. ಅದನ್ನು ಯಾರು ಬರೆಯಬೇಕು ಎಂಬಲ್ಲಿ ಭವನದ ಸಮಿತಿ ಎರಡು ಹೋಳಾಯಿತು.

ಅರ್ಧ ಜನ ಮಿಸ್ ಗ್ರೇಸನ್ ಕಡೆ. ಆಕೆ ಸಿದ್ದಾಪುರದ ಹತ್ತಿರ ಕಾಫಿ ಎಸ್ಟೇಟಿದ್ದ ರಾಬರ್ಟ್ ಗ್ರೇಸನ್ ದೊರೆಯ ಅಕ್ಕ. ಮದುವೆಯಾಗಿರಲಿಲ್ಲ. ಹುಲ್ಲಿನ ಟೋಪಿ ಹಾಕಿಕೊಂಡು, ಮಡಚುವ ಕುರ್ಚಿ, ನೀರಿನ ಬಾಟಲಿ, ಬಣ್ಣದ ಪೆಟ್ಟಿಗೆ ಹಿಡಿದು ದಾರಿ ಬದಿಯಲ್ಲಿ ಎಲ್ಲೆಂದರಲ್ಲಿ ಕೂತು ಬರೆಯುವರು. ಪಿಕಿಂಗಿಗೆ, ಅಂದರೆ ಕಾಫಿ ಹಣ್ಣು ಕೊಯ್ಯಲು, ಹೋಗುವ ಹೆಂಗಸರು ಅವರಿಗೆ ಬಣ್ಣದ ದೊರೆಸಾನಿ ಎಂದು ಹೆಸರಿಟ್ಟಿದ್ದರು. ಇನ್ನರ್ಧ ಜನ ಮೂರ್ನಾಡಿನ ಶಾಮಣ್ಣನ ಕಡೆ. ಶಾಮಣ್ಣ ಮೀಸೆ ಮೂಡುವ ವಯಸ್ಸಿಗೇ ಒಂದು ನಾಟಕ ಕಂಪೆನಿಯ ಹಿಂದೆ ಹೋಗಿ, ಪರದೆ ಬರೆಯುವುದನ್ನು ಕಲಿತು, ಊರೂರು ಸುತ್ತಿದವನು. ಕಂಪೆನಿ ಒಡೆದ ಮೇಲೆ ತನ್ನ ಪಾಲಿಗೆ ಬಂದ ಒಂದೇ ಒಂದು ಹಳೆಯ ಪರದೆಯನ್ನು ಸುರುಳಿ ಸುತ್ತಿ ಹೊತ್ತು ಊರಿಗೆ ಮರಳಿ, ಅಂಗಡಿಗಳ ಬೋರ್ಡು ಬರೆಯುತ್ತಿದ್ದ.

ಸಮಿತಿಯ ಅಧ್ಯಕ್ಷರು ಪಲ್ಟನಿನಿಂದ ನಿವೃತ್ತರಾಗಿದ್ದ ಸುಬೇದಾರ್ ಮುತ್ತಣ್ಣನವರು. ಸಭೆಯಲ್ಲಿ ಜಗಳ ಜೋರಾದಾಗ ಮೇಜು ಗುದ್ದಿ ಅವರೇ ದಾರಿ ಕಂಡುಹಿಡಿದರು. "ಇಬ್ಬರನ್ನೂ ರಂಗದ ಮೇಲೆ ಕೂರಿಸುವ. ಅವರವರ ಕೆಲಸದ ವಿಷಯ ಅವರವರೇ ಮಾತಾಡ್ಲಿ. ಜನ ಎದುರಿಗೆ ಕೂತು ಕೇಳ್ಲಿ. ಆಮೇಲೆ ಯಾರು ಅಂತ ಹೇಳುವ." ಇಂಗ್ಲಿಷು ಬಾರದ ಶಾಮಣ್ಣ, ಕನ್ನಡ ಬಾರದ ದೊರೆಸಾನಿ. ಕಚೇರಿಗೆ ಹೇಳಿಕೆ ಬಂತು. ವೆಂಕಟರಮಣಯ್ಯನವರು ನನ್ನನ್ನು ಕಳಿಸಿ, ತಾವೂ ಬಂದು ಮುಂದಿನ ಸಾಲಿನಲ್ಲಿ ಕೂತರು. ನನ್ನ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ಅವರ ಪಕ್ಕದ ಕುರ್ಚಿಗಳಲ್ಲೆಲ್ಲ ಪ್ಲಾಂಟರ್ ದೊರೆಗಳು, ಅವರ ಹೆಂಡಿರು. ಒಬ್ಬ ದೊರೆಗೆ ಬೇಸರವಾದರೂ ಸಾಕಿತ್ತು, ನಾನು ಊರಿಗೆ ಹೋಗಿ ಏಲಕ್ಕಿ ಕೊಯ್ಯಬೇಕಾಗಿತ್ತು.

ರಂಗ ಹತ್ತುವ ಮುಂಚೆ ಶಾಮಣ್ಣ ನನ್ನನ್ನು ಮೂಲೆಗೆ ಕರೆದ.

"ಚಿನ್ನಪ್ಪ, ಬೋರ್ಡು ಬರೆದೂ ಬರೆದೂ ನನ್ನ ಕೈ ಸಣ್ಣ ಆಗಿ ಹೋಗಿದೆ ಮಾರಾಯ. ‘ಇಲ್ಲಿ ಒಳ್ಳೆ ಚಹಾ ದೊರೆಯುವುದು’ ಅಂತ ಎಷ್ಟು ಸಲ ಬರೆಯೋದು? ಒಂದು ದೊಡ್ಡ ಬಟ್ಟೆ ಸಿಗ್ಲಿಲ್ಲಾಂದ್ರೆ ನಾನು ಇನ್ನು ಇಲ್ಲಿ ಇರೋದಿಲ್ಲ, ಯಾವುದಾದ್ರೂ ಕಂಪೆನಿ ಹಿಂದೆ ಹೊರಟೇ ಹೋಗ್ತೇನೆ. ಸರಿಯಾಗಿ ಹೇಳು. ನನ್ನ ಮಾತನ್ನು ತೊಳೆದು ಬಡಿಸ್ಬೇಡ."

ಅತ್ತ ದೊರೆಸಾನಿಯೂ ನನ್ನನ್ನು ಕರೆದು, "ನೀವು ಎಲ್ಲವನ್ನೂ ಹೇಳುತ್ತೀರಾ, ಅಥವಾ ಹಿತವಾದದ್ದನ್ನು ಮಾತ್ರವಾ?" ಎಂದು ಕೇಳಿದರು. ಎಲ್ಲವನ್ನೂ ಎಂದೆ. "ಒಳ್ಳೆಯದಾಯಿತು. ನನ್ನ ತಮ್ಮನ ಮನೆಗೆ ಬಂದವರೆಲ್ಲ ನನ್ನ ಚಿತ್ರ ನೋಡಿ ಸೊಗಸಾಗಿದೆ ಅನ್ನುತ್ತಾರೆ, ತಕ್ಷಣ ಇನ್ನೊಂದು ಕಪ್ಪು ಟೀ ಕೇಳುತ್ತಾರೆ" ಎಂದರು. ನಕ್ಕರು, ಆದರೆ ಆ ನಗುವಿನಲ್ಲಿ ಸುಖವಿರಲಿಲ್ಲ.

ಭವನ ತುಂಬಿ ಕಿಟಕಿಗಳಲ್ಲೂ ಜನ ನಿಂತಿದ್ದರು. ಶಾಮಣ್ಣನ ಹಿಂದೆ ಅವನ ಹಳೆಯ ಪರದೆ ತೂಗಿತ್ತು: ಒಂದು ಉದ್ಯಾನ, ಕಾರಂಜಿ, ಕೊಂಬೆಯ ಮೇಲೆ ಗಿಳಿಗಳು. ದೊರೆಸಾನಿಯ ಪಕ್ಕದಲ್ಲಿ ಮೂರು ಕಾಲಿನ ಮರದ ಚೌಕಟ್ಟು, ಅದರ ಮೇಲೆ ಊಟದ ತಟ್ಟೆಯಷ್ಟು ಅಗಲದ ಒಂದು ಚಿತ್ರ. ಸುಬೇದಾರರು ಎದ್ದು ಸಿಪಾಯಿಗಳಿಗೆ ಹುಕುಂ ಕೊಡುವಂತೆ, "ಹ್ಞೂಂ, ಮಾತಾಡಿ!" ಎಂದು ಕೂತುಬಿಟ್ಟರು.

ದೊರೆಸಾನಿ ಶುರುಮಾಡಿದರು. ಮೊದಲು ಕಾಗದದ ಮೇಲೆ ‘ವಾಶ್’ ಹಾಕುತ್ತೇನೆ ಎಂದರು. ಚಿತ್ರಗಾರರ ಮಾತಿನಲ್ಲಿ ವಾಶ್ ಎಂದರೆ ನೀರುನೀರಾದ ತೆಳು ಬಣ್ಣದ ಲೇಪ. ನನಗೇನು ಗೊತ್ತು? "ನಾನು ಮೊದಲು ಒಗೆಯುತ್ತೇನೆ" ಎಂದೆ. ಹೆಂಗಸರ ಬೆಂಚಿನಿಂದ, "ಅಯ್ಯೋ ಪಾಪ, ದೊರೆಸಾನಿಯೇ ಒಗೆಯೋದಾ? ಕೆಲಸದವರಿಲ್ವಾ?" ಎಂದು ಮರುಕದ ದನಿ ಬಂತು. ಆಕೆ ಗಾಳಿಯಲ್ಲಿ ಕುಂಚ ಆಡಿಸಿ ತೋರಿಸಿದ ಮೇಲೆ ತಿದ್ದಿ ಹೇಳಿದೆ. ಆಮೇಲೆ, ಆ ಲೇಪ ಆರುವ ಮೊದಲೇ ಅದರ ಮೇಲೆ ಇನ್ನೊಂದು ಬಣ್ಣ ಬಿಡುತ್ತೇನೆ, ಒದ್ದೆಯೊಳಕ್ಕೆ ಒದ್ದೆ, ಏನೂ ಆರಬಾರದು ಎಂದರು. ಹಾಗೆಯೇ ಹೇಳಿದೆ. ಹಿಂದಿನಿಂದ ಯಾರೋ, "ಅದು ನಮಗೆ ಗೊತ್ತುಂಟು! ಆಷಾಢದಲ್ಲಿ ನಮ್ಮ ಬಟ್ಟೆ ನೋಡಿ!" ಎಂದು ಕೂಗಿದರು. ಇಡೀ ಭವನ ನಕ್ಕಿತು. ಆ ಕೂಗನ್ನೂ ನಾನು ಇಂಗ್ಲಿಷಿಗೆ ದಾಟಿಸಿದೆ. ದೊರೆಸಾನಿ ಬೆರಗಾಗಿ, ಹೌದು, ಅದಕ್ಕೇ ನಾನು ಈ ದೇಶದಲ್ಲಿ ಇದನ್ನು ಕಲಿತದ್ದು ಎಂದರು.

ಈಗ ಶಾಮಣ್ಣನ ಸರದಿ. "ಮೊದಲು ಬಟ್ಟೆಗೆ ಬಿಳಿ ಜೇಡಿ ಬಳೀಬೇಕು. ಅಂಟು ಕಾಸಿ ಬಣ್ಣ ಕಲಿಸ್ಬೇಕು. ಹೆಚ್ಚು ಕಾದ್ರೆ ನಾತ, ಕಡಿಮೆ ಕಾದ್ರೆ ಪುಡಿ. ಬಣ್ಣ ಬಟ್ಟೆ ಮೇಲೆ ಕೂರಬೇಕು. ನಿಂತ್ಕೊಂಡ್ರೆ ಆಗ್ಲಿಲ್ಲ." ಬಣ್ಣ ಕುಳಿತುಕೊಳ್ಳಬೇಕು, ನಿಂತರೆ ಕೆಟ್ಟಿತು ಎಂದು ಇಂಗ್ಲಿಷಿನಲ್ಲಿ ಹೇಳಿದಾಗ ದೊರೆಸಾನಿ ತಮ್ಮ ಕುರ್ಚಿಯ ತುದಿಗೆ ಬಂದರು. ಅಲ್ಲಿಂದ ಅವರು ನನ್ನನ್ನು ನೋಡುವುದನ್ನು ಬಿಟ್ಟು ಶಾಮಣ್ಣನನ್ನೇ ನೋಡತೊಡಗಿದರು. ನೋಡುತ್ತ ನೋಡುತ್ತ ಕಣ್ಣು ಅವನ ಹಿಂದಿನ ಪರದೆಗೆ ಹೋಯಿತು. ಎದ್ದು ಹತ್ತಿರ ಹೋಗಿ ಗಿಳಿಗೆ ಮೂಗು ತಾಗಿಸುವಂತೆ ನಿಂತರು. ಮತ್ತೆ ತಿರುಗಿ ಒಂದು ಮಾತು ಹೇಳಿದರು.

ಮುಂದಿನ ಸಾಲಿನಲ್ಲಿ ವೆಂಕಟರಮಣಯ್ಯನವರ ಕಣ್ಣು ನನ್ನ ಮೇಲೇ ಇತ್ತು. ಸ್ವಂತ ಬಾಯಿ ಇಲ್ಲ, ಸ್ವಂತ ಬಾಯಿ ಇಲ್ಲ ಎಂದುಕೊಂಡು ಹೇಳಿಯೇಬಿಟ್ಟೆ:

"ಇದು ಗಿಳಿಯಲ್ಲ. ನಾಯಿಗೆ ಹಸಿರು ಕಂಬಳಿ ಹೊದಿಸಿ ಮರ ಹತ್ತಿಸಿದ ಹಾಗಿದೆ."

ಶಾಮಣ್ಣ ನನ್ನನ್ನು ನೋಡಿದ, ಗಿಳಿಯನ್ನು ನೋಡಿದ. ಮೀಸೆ ನಡುಗಿತು. ಅಳುತ್ತಾನೋ ಹೊಡೆಯುತ್ತಾನೋ ಎಂದು ನಾನು ಒಂದು ಹೆಜ್ಜೆ ಹಿಂದಿಟ್ಟೆ. ಅವನು ತೊಡೆ ತಟ್ಟಿಕೊಂಡು ನಗಲು ಶುರುಮಾಡಿದ. "ಹತ್ತಿರದಿಂದ ನಾಯಿಯೇ ಅಮ್ಮ! ನಾಯಿಯೇ ಆಗಬೇಕು! ಕೊನೇ ಬೆಂಚಿನವನೂ ಟಿಕೆಟ್ ತಗೊಂಡೇ ಬಂದಿರ್ತಾನೆ. ಅವನಿಗೆ ಅದು ಗಿಳಿಯಾಗಿ ಕಾಣಬೇಕಾದ್ರೆ ನಿಮಗೆ ನಾಯಿಯಾಗಿಯೇ ಕಾಣಬೇಕು. ನಂಬಿಕೆ ಇಲ್ಲಾಂದ್ರೆ ಹೋಗಿ ನೋಡಿ!"

ದೊರೆಸಾನಿ ಲಂಗ ಎತ್ತಿ ಹಿಡಿದು ರಂಗದಿಂದ ಇಳಿದೇಬಿಟ್ಟರು. ಜನ ಎದ್ದೆದ್ದು ದಾರಿ ಬಿಟ್ಟರು. ನಾನೂ ಹಿಂದೆ ಓಡಿದೆ. ಅವರು ಹಿಂದಿನ ಗೋಡೆಗೆ ಬೆನ್ನು ತಾಗುವವರೆಗೆ ಹೋಗಿ ತಿರುಗಿ ನಿಂತರು. ಅಲ್ಲಿಂದ ನೋಡಿದರೆ ಗಿಳಿ ಗಿಳಿಯೇ. ಇನ್ನೇನು ಹಾರುತ್ತದೆ ಅನ್ನುವ ಹಾಗೆ ಕತ್ತು ಓರೆ ಮಾಡಿಕೊಂಡು ಕೂತಿತ್ತು. ದೊರೆಸಾನಿ ಟೋಪಿ ತೆಗೆದು ಎತ್ತಿ ಬೀಸಿ, ಅಷ್ಟು ದೂರದಿಂದ, "ಪ್ಯಾರಟ್!" ಎಂದು ಕೂಗಿದರು. ಅದನ್ನು ಯಾರೂ ಭಾಷಾಂತರಿಸಬೇಕಾಗಿರಲಿಲ್ಲ. ಚಪ್ಪಾಳೆಯೋ ಚಪ್ಪಾಳೆ.

ಅವರು ಮರಳಿ ಬರುವಷ್ಟರಲ್ಲಿ ಶಾಮಣ್ಣ ಅವರ ಚಿತ್ರದ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದ. "ಹೇಳು ಚಿನ್ನಪ್ಪ," ಎಂದ, "ಇದರಲ್ಲಿ ಅರ್ಧ ಬರೆದೇ ಇಲ್ಲ. ಮಗು ಹಾಲು ಚೆಲ್ಲಿದ ಹಾಗಿದೆ. ಬಣ್ಣ ಮುಗಿದುಹೋಯ್ತಾ, ಮನಸ್ಸು ಮುಗಿದುಹೋಯ್ತಾ ಕೇಳು."

ಹೇಳಿದೆ. ಹೇಳುತ್ತಿದ್ದ ಹಾಗೆಯೇ ಮುಂದಿನ ಸಾಲಿನಲ್ಲಿ ರಾಬರ್ಟ್ ಗ್ರೇಸನ್ ದೊರೆ ಕೆಂಪಗಾಗಿ, ಬೆತ್ತ ಊರಿ ಎದ್ದು ನಿಂತರು. ವೆಂಕಟರಮಣಯ್ಯನವರ ಕಡೆ ತಿರುಗಿ, ನಿಮ್ಮ ಆಸಾಮಿ ಇದನ್ನೆಲ್ಲ ತಾನೇ ಹುಟ್ಟಿಸಿ ಹೇಳುತ್ತಿದ್ದಾನೆಯೇ ಎಂದು ಗುಡುಗಿದರು. ನನ್ನ ಕಣ್ಣಿಗೆ ಏಲಕ್ಕಿ ಗಿಡಗಳು ಕಾಣತೊಡಗಿದವು. ವೆಂಕಟರಮಣಯ್ಯನವರು ನಿಧಾನವಾಗಿ ಎದ್ದು, ಕೋಟಿನ ಗುಂಡಿ ಹಾಕಿಕೊಂಡು, ಇಂಗ್ಲಿಷಿನಲ್ಲಿ ಹೇಳಿದರು: "ನಮ್ಮ ದುಭಾಷಿ ಒಂದು ಮಾತು ಕೂಡಿಸಿಯೂ ಇಲ್ಲ, ಕಳೆದೂ ಇಲ್ಲ." ಕೂತರು. ರಂಗದ ಮೇಲಿಂದ ದೊರೆಸಾನಿ ತಮ್ಮನಿಗೆ ಹೇಳಿದರು: "ಕೂತುಕೋ ರಾಬರ್ಟ್. ಈ ದೇಶಕ್ಕೆ ಬಂದಮೇಲೆ ನನ್ನ ಚಿತ್ರದ ಬಗ್ಗೆ ಯಾರಾದರೂ ಏನಾದರೂ ಕೇಳಿದ್ದು ಇದೇ ಮೊದಲು."

ಮತ್ತೆ ಅವರು ಶಾಮಣ್ಣನ ಪಕ್ಕದಲ್ಲಿ ನೆಲದ ಮೇಲೆಯೇ ಕೂತುಬಿಟ್ಟರು. ನಾನೂ ಅವರಿಬ್ಬರ ನಡುವೆ ಕುಕ್ಕರಿಸಿದೆ. "ಇದು ಸಿದ್ದಾಪುರದ ದಾರಿಯ ಬೆಳಗು. ಖಾಲಿ ಜಾಗ ಮಂಜು. ಮಂಜನ್ನು ನಾನು ಬರೆಯುವುದಿಲ್ಲ, ಬಿಡುತ್ತೇನೆ. ಬರೆದರೆ ಅದು ಹೊಗೆಯಾಗುತ್ತದೆ" ಎಂದರು ದೊರೆಸಾನಿ.

ಶಾಮಣ್ಣ ಚಿತ್ರಕ್ಕೆ ಇನ್ನಷ್ಟು ಹತ್ತಿರ ಬಗ್ಗಿದ. ಆಮೇಲೆ ಬೆರಳು ಮುಂದೆ ಮಾಡಿ, ಮುಟ್ಟದೆ ತೋರಿಸಿದ. "ಈ ಚುಕ್ಕೆ ಹೆಂಗಸು ಅಲ್ವಾ? ಪಿಕಿಂಗಿಗೆ ಹೋಗೋಳು. ಬುಟ್ಟಿ ಉಂಟು. ಕುಂಚ ಒಂದೇ ಸಲ ಇಟ್ಟಿದ್ದು! ಚಿನ್ನಪ್ಪ, ನೋಡು, ಅವಳಿಗೆ ಚಳಿ ಆಗ್ತಾ ಉಂಟು!" ಅವನ ತೋಳಿನ ಮೇಲೆ ರೋಮ ಎದ್ದಿತ್ತು. "ಕೇಳು, ಎಲ್ಲಿ ನಿಲ್ಲಿಸೋದು ಅಂತ ಇವರಿಗೆ ಹೇಗೆ ಗೊತ್ತಾಗ್ತದೆ?"

"ಗೊತ್ತಾಗುವುದಿಲ್ಲ," ಎಂದರು ದೊರೆಸಾನಿ. "ಹೆಚ್ಚಿನವನ್ನು ಕೆಡಿಸಿ ಹರಿದುಹಾಕುತ್ತೇನೆ. ನಿಮಗೆ?"

"ನಾನು ನಿಲ್ಲಿಸಿದ್ದೇ ಇಲ್ಲ ಅಮ್ಮ. ನಾಟಕದ ಗಂಟೆ ಹೊಡೆದು ಪರದೆ ಎಳ್ಕೊಂಡು ಹೋಗ್ತಾರೆ. ಇಲ್ಲಾಂದ್ರೆ ಇನ್ನೂ ಬರೀತಿದ್ದೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಸಭೆ ಇದೆ ಎಂಬುದೇ ಅವರಿಗೆ ಮರೆತುಹೋಗಿತ್ತು. ಜನ ಬೆಂಚು ಹತ್ತಿ ನಿಂತು ಬಗ್ಗಿ ಬಗ್ಗಿ ನೋಡುತ್ತಿದ್ದರು. ನನ್ನ ಬಾಯಿ ಅತ್ತಿಂದಿತ್ತ, ಇತ್ತಿಂದತ್ತ ಓಡಿ ಓಡಿ, ಒಂದು ಸಲ ಶಾಮಣ್ಣನಿಗೆ ಇಂಗ್ಲಿಷಿನಲ್ಲೂ ದೊರೆಸಾನಿಗೆ ಕನ್ನಡದಲ್ಲೂ ಹೇಳಿಬಿಟ್ಟೆ. ಇಬ್ಬರೂ ತಲೆಯಾಡಿಸಿದರು. ಕೊನೆಗೆ ಸುಬೇದಾರರೇ ಎದ್ದು, "ಆಯ್ತು, ಯಾರು ಬರೀಬೇಕು ಹೇಳಿ!" ಎಂದು ಜನರನ್ನು ಕೇಳಿದರು. "ಇಬ್ಬರೂ!" ಎಂದು ಒಂದು ಕಿಟಕಿ ಕೂಗಿತು. ಇನ್ನೊಂದು ಕಿಟಕಿ ಅದನ್ನೇ ಎತ್ತಿಕೊಂಡು ಕೂಗಿತು. ಶಾಮಣ್ಣ ನನ್ನ ಭುಜ ಹಿಡಿದು ಅಲ್ಲಾಡಿಸಿ, "ಕೇಳು ಅವರನ್ನ! ಅಮ್ಮ ಮಂಜು ಬಿಡ್ಲಿ, ನಾನು ಗಿಳಿ ಕೂರಿಸ್ತೇನೆ" ಎಂದ. ದೊರೆಸಾನಿ ಒಪ್ಪಿದರು. ಆದರೆ ಈ ದುಭಾಷಿಯನ್ನು ನಮಗೆ ಕೊಡಬೇಕು ಎಂದರು.

ಹೊರಗೆ ಬಂದಾಗ ವೆಂಕಟರಮಣಯ್ಯನವರು ನನ್ನನ್ನು ನಿಲ್ಲಿಸಿದರು. ಹೊಗಳುತ್ತಾರೆ ಎಂದುಕೊಂಡು ತಲೆ ತಗ್ಗಿಸಿದೆ. "ಆಕೆ ಹೇಳಿದ್ದು ‘ರಗ್’. ನೀನು ಕಂಬಳಿ ಅಂದೆ. ಜಮಖಾನ ಆಗಬೇಕಿತ್ತು" ಎಂದರು. ಎರಡು ಹೆಜ್ಜೆ ನಡೆದು ತಿರುಗಿ, "ನಾಯಿಗೆ ಹಸಿರು ಜಮಖಾನ" ಎಂದು ತಮಗೆ ತಾವೇ ಹೇಳಿಕೊಂಡು, ರುಮಾಲಿನ ತುದಿಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು ಬೇಗ ಬೇಗ ಹೋದರು. ಹೆಗಲು ಕುಣಿಯುತ್ತಿತ್ತು.

ಆ ಬೇಸಗೆ ನಾನು ಕಚೇರಿಯ ಮುಖ ನೋಡಿದ್ದು ಕಡಿಮೆ. ಭವನದೊಳಗೆ ಬಿದಿರಿನ ಅಟ್ಟಣಿಗೆ ಕಟ್ಟಿ, ಬಟ್ಟೆ ಬಿಗಿದು, ಮೇಲೆ ಒಬ್ಬರು, ಕೆಳಗೆ ಒಬ್ಬರು, ಏಣಿಯ ನಡುಮೆಟ್ಟಿಲಲ್ಲಿ ನಾನು. ಮೇಲಿನ ಅರ್ಧ ಬೆಟ್ಟ ಮತ್ತು ಮಂಜು, ಕೆಳಗೆ ಕೆಂಪು ಹೂ ಬಿಟ್ಟ ಹಾಲುವಾಣದ ಮರ, ಅದರ ತುಂಬ ಗಿಳಿ, ಬುಟ್ಟಿ ಹೊತ್ತ ಹೆಂಗಸರ ಸಾಲು. ಹೀಗೆಂದು ಮಾತಾಗಿತ್ತು. ಮಾತಾದದ್ದು ಅಷ್ಟೇ, ಜಗಳ ದಿನಾ ಇತ್ತು.

"ಇಷ್ಟು ದೊಡ್ಡ ಬಟ್ಟೆ ಖಾಲಿ ಬಿಟ್ರೆ ಜನ ನನ್ನನ್ನು ಸೋಮಾರಿ ಅಂತಾರೆ!" ಎಂದು ಮೇಲಿನಿಂದ ಶಾಮಣ್ಣ. "ಮುಟ್ಟಿದರೆ ಏಣಿ ಎಳೆಯುತ್ತೇನೆ!" ಎಂದು ಕೆಳಗಿನಿಂದ ದೊರೆಸಾನಿ. ಅವರ ಸಿಟ್ಟನ್ನು ಅವರ ದನಿಯಲ್ಲೇ ದಾಟಿಸಬೇಕಲ್ಲ, ನಾನು ಮೇಲೆ ನೋಡಿ ಗದರುತ್ತಿದ್ದೆ, ಕೆಳಗೆ ನೋಡಿ ಗದರುತ್ತಿದ್ದೆ. ದಾರಿಯಲ್ಲಿ ಹೋಗುವವರು ಒಳಗೆ ಇಣುಕಿ, ಇಬ್ಬರು ಚಿತ್ರಗಾರರನ್ನು ಒಬ್ಬ ಹುಚ್ಚ ಬೈಯುತ್ತಿದ್ದಾನೆ ಎಂದುಕೊಂಡು ಹೋಗುತ್ತಿದ್ದರಂತೆ. ಮನೆಯಲ್ಲಿ ಊಟಕ್ಕೆ ಕೂತಾಗ ಸೀತಮ್ಮ ಇನ್ನೊಂದು ಸೌಟು ಅನ್ನ ಹಾಕಲು ಬಂದರೆ, "ಬಿಡು! ಖಾಲಿ ಬಿಡು! ಅದು ಮಂಜು!" ಎಂದುಬಿಟ್ಟೆ. ಅವಳು ಸೌಟು ಹಿಡಿದೇ ನಿಂತು, "ನಿಮಿಗೆ ಎಂಥ ಆಗ್ಯುಟ್ಟು?" ಎಂದಳು.

ಕೋಟಿನ ತುಂಬ ಹಸಿರು, ಕೆಂಪು. ಆ ದಿನಗಳಷ್ಟು ಸುಖವಾಗಿ ನಾನು ಎಂದೂ ಕೆಲಸ ಮಾಡಿಲ್ಲ. ದೊರೆಸಾನಿ ಒಂದು ದಿನ ಶಾಮಣ್ಣನ ಕೈಯಿಂದ ದಪ್ಪ ಕುಂಚ ಕಸಿದುಕೊಂಡು ತಾವೇ ಒಂದು ಗಿಳಿ ಬರೆದರು, ನಾಯಿಗಿಂತ ದೊಡ್ಡದು, ಕರುವಿನಷ್ಟು. ಬರೆದು ಓಡಿಹೋಗಿ ಹಿಂದಿನ ಗೋಡೆಗೆ ಒರಗಿ ನೋಡಿ, ಮತ್ತೆ ಓಡಿಬಂದು ಕೊಕ್ಕು ತಿದ್ದಿ, ಮತ್ತೆ ಓಡಿದರು. ಟೋಪಿ ಎಲ್ಲೋ, ಕೂದಲು ಎಲ್ಲೋ. "ಇಷ್ಟು ವರ್ಷ ನಾನು ತಟ್ಟೆಯಷ್ಟಗಲ ಜಾಗದಲ್ಲಿ ಕೂತಿದ್ದೆ!" ಎಂದರು. ಹಾಗೆಂದರೇನೆಂದು ಶಾಮಣ್ಣನಿಗೆ ನಾನು ಬಿಡಿಸಿ ಹೇಳಲಿಲ್ಲ. ಅವನೂ ಕೇಳಲಿಲ್ಲ. ಅವನಿಗೆ ದೊಡ್ಡ ಬಟ್ಟೆ ಏನೆಂದು ಗೊತ್ತಿತ್ತು.

ಆದರೂ ಆ ಖಾಲಿ ಜಾಗ ಅವನ ಜೀವ ತಿನ್ನುತ್ತಿತ್ತು. ಒಂದು ಮಧ್ಯಾಹ್ನ ದೊರೆಸಾನಿ ಊಟಕ್ಕೆಂದು ಹೊರಗೆ ಹೋದದ್ದೇ ತಡ, ಅಟ್ಟಣಿಗೆ ಹತ್ತಿ ಮಂಜಿನ ನಟ್ಟನಡುವೆ ಒಂದು ಆನೆ ಬರೆದುಬಿಟ್ಟ. ಒಳ್ಳೆಯ ಆನೆ, ದಂತ, ಸೊಂಡಿಲು, ಹಣೆಯ ಮೇಲೆ ಬೇರೆ ಕೆಂಪು ಚಿತ್ತಾರ. ದೊರೆಸಾನಿ ಬಂದು ನೋಡಿದರು. ನೀರಿನ ಬಕೆಟ್ಟು ಎತ್ತಿಕೊಂಡು ಏಣಿ ಹತ್ತಿ, ನನ್ನನ್ನು ಪಕ್ಕಕ್ಕೆ ತಳ್ಳಿ, ಹಸಿಬಣ್ಣದ ಆನೆಯ ಮೇಲೆ ಒಂದೇ ಸಲ ಸುರಿದರು. ಶಾಮಣ್ಣ "ಅಯ್ಯಯ್ಯೋ!" ಎಂದು ತಲೆಯ ಮೇಲೆ ಕೈಹೊತ್ತ. ಅವರು ಬಟ್ಟೆಯ ಚಿಂದಿ ತೆಗೆದುಕೊಂಡು ಉಜ್ಜತೊಡಗಿದರು. ಚಿತ್ತಾರ ಹೋಯಿತು, ದಂತ ಹೋಯಿತು, ಕಾಲು ಹೋಯಿತು. ಬೂದಿ ಬಣ್ಣ ಹರಡಿ, ತೆಳ್ಳಗಾಗಿ, ಮಂಜಿನೊಳಗೆ ಒಂದು ಭಾರವಾದ ನೆರಳು ಮಾತ್ರ ಉಳಿಯಿತು. ಇದೆಯೋ ಇಲ್ಲವೋ, ಬರುತ್ತಿದೆಯೋ ಹೋಗುತ್ತಿದೆಯೋ ತಿಳಿಯದಂಥ ಆನೆ.

"ಸ್ಟಾಪ್!" ಎಂದು ದೊರೆಸಾನಿ ತಮ್ಮ ಕೈಗೇ ಹೇಳಿಕೊಂಡರು. "ನಿಲ್ಲಿ ಅಮ್ಮ!" ಎಂದು ಶಾಮಣ್ಣ ಅದೇ ಗಳಿಗೆಯಲ್ಲಿ ಕೂಗಿದ. ನನಗೆ ಹೇಳಲು ಏನೂ ಉಳಿದಿರಲಿಲ್ಲ. ಮೂವರೂ ಇಳಿದು ಹಿಂದಿನ ಗೋಡೆಯವರೆಗೆ ಹೋದೆವು. ಶಾಮಣ್ಣ ಕಣ್ಣು ಒರೆಸಿಕೊಂಡು, "ಚಿನ್ನಪ್ಪ, ನಾನು ಮೊದಲ ಸಲ ನಿಲ್ಲಿಸಿದೆ ಅಂತ ಹೇಳು" ಎಂದ.

ಮುಂದೆ ಏನೇನಾಯಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸಂತೋಷದ ಮಾತಿಗೆ ಅಡ್ಡ ಬರುತ್ತದೆ. ಶಾಮಣ್ಣ ಯಾವ ಕಂಪೆನಿಯ ಹಿಂದೆಯೂ ಹೋಗಲಿಲ್ಲ. ಕಂಪೆನಿಗಳೇ ಮೂರ್ನಾಡಿಗೆ ಅವನನ್ನು ಹುಡುಕಿಕೊಂಡು ಬಂದವು. ದೊರೆಸಾನಿ ಆಮೇಲೂ ಅವನ ಜೊತೆ ಕೆಲವು ಪರದೆ ಬರೆದು, ತಮ್ಮ ರಾಬರ್ಟ್ ಎಸ್ಟೇಟು ಮಾರಿದಾಗ ಇಂಗ್ಲೆಂಡಿಗೆ ಹೊರಟರು. ಹೋಗುವಾಗ ಆ ದಪ್ಪ ಕುಂಚವನ್ನು ಕೇಳಿ ತೆಗೆದುಕೊಂಡು ಹೋದರು. ನನ್ನ ನೌಕರಿ ಖಾಯಂ ಆಯಿತು. ನಾವು ಮಾಡಿದ ಹಾಗೆ ನೀವೀಗ ಮಾಡುವುದಿಲ್ಲ, ಮಾಡಬೇಕಾಗಿಯೂ ಇಲ್ಲ. ಆದರೆ ಎಂದಾದರೂ ಇಬ್ಬರ ನಡುವೆ ನಿಲ್ಲುವ ಸಂದರ್ಭ ಬಂದರೆ ಬೈಗುಳವನ್ನು ತೊಳೆದು ಬಡಿಸಬೇಡಿ. ಅಂದು ನಾನು ನಾಯಿಯ ಮಾತನ್ನು ನುಂಗಿದ್ದರೆ ಅವರಿಬ್ಬರೂ ನಮಸ್ಕಾರ ಹೇಳಿ ಎದ್ದುಹೋಗುತ್ತಿದ್ದರು.

ಇನ್ನು ಭವನ ಶುರುವಾದ ಸಂಜೆ. ಹೊರಗಿನಿಂದ ಹೆಸರಾಂತ ಕಂಪೆನಿ ಬಂದಿತ್ತು. ದೀಪ ಹಚ್ಚಿದರು. ಅಂಕದ ಪರದೆ ಬಿಚ್ಚಿಕೊಂಡು ಇಳಿಯಿತು. ಸುಬೇದಾರ್ ಮುತ್ತಣ್ಣನವರು ತಮ್ಮ ಮನೆಮಾತಿನಲ್ಲಿ, "ಬಾರಿ ಚಾಯಿ! ಬಾರಿ ಚಾಯಿ!" ಎಂದು ಎರಡೂ ಕೈಯಿಂದ ಮೊಣಕಾಲು ಬಡಿದುಕೊಂಡರು. ಚೆಂದ ಎಂಬುದಕ್ಕೆ ಅದಕ್ಕಿಂತ ದೊಡ್ಡ ಮಾತು ಅವರಲ್ಲಿರಲಿಲ್ಲ. ಗಂಟೆ ಹೊಡೆಯಿತು, ಪರದೆ ಮೇಲೆದ್ದಿತು, ಸಿಂಹಾಸನದ ಮೇಲೆ ರಾಜ ಕೂತಿದ್ದ. ಅವನು ಬಾಯಿ ತೆರೆಯುವಷ್ಟರಲ್ಲಿ ನಡುಬೆಂಚಿನಿಂದ ಒಬ್ಬ ಹೆಂಗಸು ತನ್ನ ಪಕ್ಕದವಳಿಗೆ, "ಆ ಮಂಜಿನ ಒಳಗೆ ಆನೆ ಇತ್ತು, ನೋಡಿದ್ಯಾ?" ಎಂದಳು.

"ಆನೆಯಾ? ಎಲ್ಲಿ?"

"ಆನೆ ಇತ್ತಂತೆ!" ಎಂದು ಮಾತು ಬೆಂಚಿನಿಂದ ಬೆಂಚಿಗೆ ಹರಿಯಿತು. ಕಂಡವರು ಕೆಲವರು, ಕಾಣದವರು ಬಹಳ. "ಪರದೆ ಬಿಡಿ! ಪರದೆ ಬಿಡಿ!" ಎಂದು ಗದ್ದಲ. ಬಿಟ್ಟರು. ಜನ ನೋಡಿದರು, ಕೈ ತೋರಿಸಿದರು, ವಾದ ಮಾಡಿದರು. ಎತ್ತಿದರು. ರಾಜ ಮತ್ತೆ ಬಾಯಿ ತೆರೆದ. "ನಮಗೆ ಇನ್ನೂ ಕಾಣ್ಲಿಲ್ಲ! ಬಿಡಿ!" ಎಂದು ಕಿಟಕಿಯವರು ಕೂಗಿದರು. ಮತ್ತೆ ಬಿಟ್ಟರು. ರಾಬರ್ಟ್ ಗ್ರೇಸನ್ ದೊರೆ ಕೂಡ ಕುರ್ಚಿಯಿಂದ ಎದ್ದು, ಬೆತ್ತ ಚಾಚಿ ಪಕ್ಕದವರಿಗೆ ಜಾಗ ತೋರಿಸುತ್ತಿದ್ದರು.

ಆಗ ಪರದೆಯ ಪಕ್ಕದಿಂದ ರಾಜನ ಪಾತ್ರಧಾರಿ ಹೊರಗೆ ಬಂದ. ಕಿರೀಟ, ಗದೆ, ಜರಿಯ ಅಂಗಿ ಎಲ್ಲ ಇತ್ತು. ಸಿಟ್ಟಾಗಿ ನಮ್ಮನ್ನು ಬೈಯುತ್ತಾನೆ ಎಂದುಕೊಂಡೆವು. ಅವನು ಮೆಟ್ಟಿಲಿಳಿದು, ವೆಂಕಟರಮಣಯ್ಯನವರ ಪಕ್ಕದಲ್ಲಿ ಜಾಗ ಮಾಡಿಸಿಕೊಂಡು ಕೂತು, ಗದೆಯನ್ನು ಅವರ ತೊಡೆಯ ಮೇಲಿಟ್ಟು, "ನಾನೂ ಹಿಂದಿನಿಂದ ಎಷ್ಟು ಹೊತ್ತು ಕೇಳಿಸ್ಕೊಳ್ಳೋದು ಸ್ವಾಮಿ? ಎಲ್ಲಿ ಆನೆ?" ಎಂದ.

ದೊರೆಸಾನಿ ನನ್ನ ಕಡೆ ಬಗ್ಗಿ, ರಾಜ ಏನು ಹೇಳಿದ ಎಂದು ಕೇಳಿದರು. ಹೇಳಿದೆ. ಅವರು ಟೋಪಿಯಲ್ಲಿ ಮುಖ ಮುಚ್ಚಿಕೊಂಡರು. ಅತ್ತ ಕಡೆಯಿಂದ ಶಾಮಣ್ಣ ನನ್ನ ಪಕ್ಕೆಗೆ ತಿವಿದು, ಅಮ್ಮ ಅಳ್ತಿದ್ದಾರಾ ನಗ್ತಿದ್ದಾರಾ ಎಂದ. ಎರಡೂ ಎಂದೆ. ಅಷ್ಟರಲ್ಲಿ ರಾಜ ಬೆಂಚಿನ ಮೇಲೆ ಹತ್ತಿ ನಿಂತು, ಕಿರೀಟವನ್ನು ಹಿಂದಕ್ಕೆ ಸರಿಸಿ, ಭವನ ಅದುರುವ ಹಾಗೆ ಕೂಗಿದ:

"ಸಿಕ್ತು! ನಂಗೆ ಸಿಕ್ತು!"